ಮಾತ್ರೆ ಇಲ್ಲದ ಬೆಳಿಗ್ಗೆ

ನೀರಿಲ್ಲದೆ ನುಂಗಿದ ಅರ್ಧ ಮಾತ್ರೆ ಗಂಟಲಲ್ಲಿ ಎಲ್ಲೋ ಅಂಟಿಕೊಂಡು ಕೂತಿತು. ಆಸ್ಪತ್ರೆಯ ಕಕ್ಕಸಿನ ಗೋಡೆಗೆ ಹೆಗಲು ಕೊಟ್ಟು ನಿಂತಿದ್ದ ಅವನು ಎಂಜಲು ಕೂಡಿಸಿ ಇನ್ನೊಮ್ಮೆ ನುಂಗಲು ನೋಡಿದ. ಬೇಡವೆಂದಾಗ ತುಟಿಯಂಚಿನಿಂದ ತಾನಾಗಿ ಇಳಿದು ಕಾಲರು ಒದ್ದೆ ಮಾಡುವ ಎಂಜಲು ಬೇಕೆಂದಾಗ ಇರಲಿಲ್ಲ. ಕೈಗಡಿಯಾರದಲ್ಲಿ ಒಂಬತ್ತಕ್ಕೆ ಇನ್ನೂ ಕಾಲು ಗಂಟೆ. ಹೊರಗಿನಿಂದ ಹೆಂಡತಿಯ ತಮ್ಮ ಬಾಗಿಲು ತಟ್ಟಿದ. "ಭಾವ, ಆಯ್ತಾ? ಅಲ್ಲೇ ಬಾಡಿಗೆಗೆ ಇದ್ಬಿಡ್ತೀರಾ ಹೇಗೆ?" ಅವನು "ಬಂದೆ" ಎಂದ. ಆ ಮಾತು ಬಾಗಿಲವರೆಗೂ ಹೋಗಲಿಲ್ಲ. ಈ ಎರಡು ವರ್ಷದಲ್ಲಿ ಅವನ ದನಿ ಇಳಿದು ಇಳಿದು ಬಾಯಿಯ ಒಳಗೇ ಉಳಿಯುವಷ್ಟಾಗಿತ್ತು. ಹೆಂಡತಿ ಅಡುಗೆಮನೆಯಿಂದ "ಏನಂದ್ರಿ, ಏನಂದ್ರಿ" ಎನ್ನುತ್ತ ಬಂದು ಕೊನೆಗೆ ಅವನ ತುಟಿ ನೋಡುತ್ತ ನಿಲ್ಲುತ್ತಿದ್ದಳು. ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ ಮಾತ್ರ ದನಿ ಮರಳಿ ಬರುತ್ತಿತ್ತು. ನೆಂಟರು ಬರುವುದಿದ್ದರೆ ಅವನು ಗಡಿಯಾರ ನೋಡಿ ಮಾತ್ರೆ ನುಂಗಿ, ಬಂದವರ ಎದುರು ಕಾಲಮೇಲೆ ಕಾಲು ಹಾಕಿ ಕೂತು, "ಏನಿಲ್ಲ, ಒಂಚೂರು ಕೈ ನಡುಗುತ್ತೆ ಅಷ್ಟೆ" ಎನ್ನುತ್ತಿದ್ದ.

ಮಾತ್ರೆ ಅಡಗಿದ್ದದ್ದು ಪ್ಯಾಂಟಿನ ಸೊಂಟಪಟ್ಟಿಯ ಒಳಮಗ್ಗುಲಲ್ಲಿ, ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಜೇಬಿನಲ್ಲಿ. ಅದನ್ನು ಅವನೇ ಹೊಲಿದಿದ್ದ. ಮೂವತ್ತೊಂದು ವರ್ಷ ಯೂನಿಫಾರ್ಮ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರನಾಗಿದ್ದವನು, ನಲವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಂದೆಳೆ ಆಚೀಚೆಯಾಗದಂತೆ ಕತ್ತರಿಸುತ್ತಿದ್ದವನು, ಈ ಉಗುರಗಲದ ಜೇಬಿಗೆ ಎರಡು ಮಧ್ಯಾಹ್ನ ತೆಗೆದುಕೊಂಡಿದ್ದ. ಹೆಂಡತಿ ಅಂಗಡಿಗೆ ಹೋದಾಗ ಒಂದಿಷ್ಟು, ನೆರೆಮನೆಗೆ ಹೋದಾಗ ಒಂದಿಷ್ಟು. ಹೊಲಿಗೆಗಳು ದಾರಿ ತಪ್ಪಿದ ಇರುವೆಗಳ ಹಾಗಿದ್ದವು. ಹಿಂದಿನ ರಾತ್ರಿ ಎಂಟರಿಂದ ಮಾತ್ರೆ ಬೇಡ ಎಂದು ಡಾಕ್ಟರು ನಾಲ್ಕು ಸಲ ಹೇಳಿದ್ದರು. ಎಂಟಾಗುತ್ತಿದ್ದಂತೆ ಹೆಂಡತಿ ಮಾತ್ರೆಯ ಡಬ್ಬಿಯನ್ನು ತನ್ನ ಕೈಚೀಲದಲ್ಲಿ ಹಾಕಿ ಜಿಪ್ಪು ಎಳೆದಿದ್ದಳು. ಜೇಬಿನಲ್ಲಿ ಅರ್ಧ ಇದೆ, ಬಳಸುವುದೇನೂ ಬೇಡ, ಸುಮ್ಮನೆ ಇರಲಿ ಎಂದುಕೊಂಡೇ ಮಲಗಿದ್ದ.

ಬಳಸುವುದು ಬೇಡ ಎಂದು ಕಾರಿನಲ್ಲೂ ಅಂದುಕೊಂಡಿದ್ದ. ಆದರೆ ಆಸ್ಪತ್ರೆಯ ಮೊಗಸಾಲೆ ಅಷ್ಟು ಉದ್ದ ಇರುತ್ತದೆಂದು, ಅದರಲ್ಲಿ ಅಷ್ಟು ಬಾಗಿಲುಗಳಿರುತ್ತವೆಂದು ಮರೆತಿದ್ದ. ಮೂರು ವಾರದ ಹಿಂದೆ, ಈ ದಿನಕ್ಕೆ ಅಭ್ಯಾಸವಾಗಲೆಂದು, ಮನೆಯಲ್ಲಿ ಒಂದು ಬೆಳಿಗ್ಗೆ ಮಾತ್ರೆ ಬಿಟ್ಟು ನೋಡಿದ್ದರು. ಬಚ್ಚಲಮನೆಯ ಹೊಸ್ತಿಲಲ್ಲಿ ಪಾದಗಳು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತುಬಿಟ್ಟವು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಒಳಗಿನಿಂದ ಅವನು ತನ್ನ ಕಾಲಿಗೆ ಹೇಳುತ್ತಿದ್ದ, ನಡೆ, ನಡೆಯೋ, ಎಂದು. ಉಟ್ಟದ್ದು ಸಡಿಲವಾಗಿ ಜಾರುತ್ತಿತ್ತು, ಹಿಡಿದುಕೊಳ್ಳಲು ಕೈ ಏಳಲಿಲ್ಲ. ಹೆಂಡತಿ ತಮ್ಮನನ್ನು ಕೂಗಿದಳು. ಭಾವಮೈದ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎತ್ತುವಾಗ ಉಟ್ಟದ್ದು ಪೂರ್ತಿ ಕೆಳಗೆ ಬಿದ್ದಿತ್ತು. ಆ ಹೊತ್ತಿನಲ್ಲೂ ಭಾವಮೈದ ನಗಿಸಲು ನೋಡಿದ. "ಹೊಸ್ತಿಲು ಟಿಕೆಟ್ ಕೇಳ್ತಾ ಭಾವ?" ಪಾಪ, ಅವನಿಗೂ ಎಲ್ಲಿ ನೋಡಬೇಕೆಂದು ತಿಳಿದಿರಲಿಲ್ಲ. ಇಂದು ಅದೇ ಭಾವಮೈದ, ಅದೇ ಕಂಕುಳು, ಮೊಗಸಾಲೆಯ ಎರಡು ಬದಿಗೂ ಕೂತ ಅಪರಿಚಿತರು. ಎರಡನೆಯ ಬಾಗಿಲಲ್ಲಿ ಕಾಲು ತಡೆಯಿತು. ಒಬ್ಬಳು ಹೆಂಗಸು ತನ್ನ ಪುಟ್ಟ ಮಗಳ ತಲೆಯನ್ನು ಮೆಲ್ಲಗೆ ಆಚೆ ತಿರುಗಿಸಿದಳು. "ಕಕ್ಕಸು" ಎಂದ ಅವನು.

ಬಾಗಿಲು ತೆರೆದಾಗ ಹೆಂಡತಿ ಎದುರಿಗೇ ನಿಂತಿದ್ದಳು. ಅವನ ಮುಖ ನೋಡಿದಳು, ಸೊಂಟ ನೋಡಿದಳು, ಅಂಗಿಯ ಚುಂಗು ಒಳಗೆ ಸೇರಿಸಿದಳು.

ರೆಕಾರ್ಡಿಂಗ್ ಕೋಣೆಯಲ್ಲಿ ಒಂದು ಕುರ್ಚಿ, ಎರಡು ಪರದೆ, ಗೋಡೆಗೆ ದಪ್ಪ ಸ್ಪಂಜು. ಟೆಕ್ನಿಶಿಯನ್ ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿ ಆಮೇಲೆ ಅದನ್ನೇ ಹುಡುಕುವವಳು. ಅವನ ತಲೆಗೆ ಜಾಲರಿಯಂಥ ಟೋಪಿ ತೊಡಿಸಿ, ಒಂದೊಂದು ತೂತಿಗೂ ತಣ್ಣನೆಯ ಜೆಲ್ ತುಂಬುತ್ತ ಹೋದಳು. ಎರಡು ತಿಂಗಳ ಹಿಂದೆ ಇದೇ ತಲೆಗೆ ಎರಡು ಕಡೆ ರಂಧ್ರ ಕೊರೆದು ಎರಡು ತಂತಿ ಇಳಿಸಿದ್ದರು. ತಂತಿಗಳ ಇನ್ನೊಂದು ತುದಿ ಕತ್ತಿನ ಚರ್ಮದ ಕೆಳಗಿಂದ ಇಳಿದು ಎದೆಯ ಮೇಲ್ಭಾಗದಲ್ಲಿ ಹುದುಗಿಸಿದ ಒಂದು ಡಬ್ಬಿಗೆ ಸೇರಿತ್ತು. ಪ್ರತಿ ತಂತಿಯ ತುದಿಯಲ್ಲಿ ನಾಲ್ಕು ಜಾಗ. ಯಾವ ಜಾಗದಿಂದ ಕರೆಂಟ್ ಬಿಡಬೇಕು, ಎಷ್ಟು ಬಿಡಬೇಕು ಎಂಬುದು ಇಂದು ತೀರ್ಮಾನವಾಗಬೇಕಿತ್ತು. ಅವನಿಗೆ ತಿಳಿದದ್ದು ಅಷ್ಟೇ. ಉಳಿದದ್ದನ್ನು ಕೇಳಲು ಹೆದರಿಕೆ, ಕೇಳದಿದ್ದರೂ ಹೆದರಿಕೆ. ಸಂಜೆ ತರಗತಿಯಲ್ಲಿ ಬಟ್ಟೆ ಕತ್ತರಿಸುವ ನಕ್ಷೆ ಬರೆಯಲು, ಡ್ರಾಫ್ಟಿಂಗ್, ಕಲಿತ ಕಾಲದಿಂದಲೂ ಹಾಗೇ, ಹಿಂದಿನ ಬೆಂಚಿನಲ್ಲಿ ಕೂತು, ಉಳಿದವರೆಲ್ಲ ಎದ್ದುಹೋದ ಮೇಲೆ ಮೇಷ್ಟ್ರ ಹತ್ತಿರ ಒಂದು ಪ್ರಶ್ನೆ.

"ಇದರಲ್ಲಿ ಏನು ಕಾಣುತ್ತಮ್ಮಾ?" ಎಂದು ಪರದೆಯ ಮೇಲೆ ಮೂಡುತ್ತಿದ್ದ ಗೆರೆಗಳನ್ನು ನೋಡುತ್ತ ಕೇಳಿದ.

"ಎರಡು ತಾಳ ಇವೆ ಮಾಸ್ತರೇ. ಒಂದು ನಿಧಾನದ್ದು, ಒಂದು ಬಿರುಸಿನದು. ಎರಡೂ ಒಂದಕ್ಕೊಂದು ತಗಲಿಹಾಕಿಕೊಂಡಿರ್ತವೆ. ನಿಧಾನದ್ದು ಹೇಗೆ ಏರಿ ಇಳಿಯುತ್ತೋ, ಅದರ ಪ್ರಕಾರವೇ ಬಿರುಸಿನದು ಜೋರಾಗೋದು, ತಣ್ಣಗಾಗೋದು."

"ಕಾಲ್ಮಣೆ ಮತ್ತೆ ಸೂಜಿ ಇದ್ದ ಹಾಗೆ."

ಅವಳ ಕೈ ನಿಂತಿತು. "ಹೊಲಿಗೆ ಮಿಶನ್ನಾ? ಹೂಂ, ನಡುವೆ ಒಂದು ಪಟ್ಟಿ ಇರುತ್ತಲ್ಲ, ಸರಿಯಾಗಿ ಹೇಳಿದ್ರಿ. ಆ ಪಟ್ಟಿ ಎಲ್ಲರ ತಲೇಲೂ ಇದೆ, ನನಗೂ ಇದೆ. ಕೈ ಆಡಿಸೋಕೆ ಹೊರಟ ತಕ್ಷಣ ಅದು ಸಡಿಲ ಆಗ್ಬೇಕು, ಆಗಲೇ ಕೈ ಹಗುರಾಗಿ ಓಡೋದು. ನಿಮ್ಮ ಕಾಯಿಲೇಲಿ ಆಗಲ್ಲ. ಕೈ ಆಡಿಸ್ಬೇಕು ಅಂದಾಗ್ಲೂ ಬಿಗಿ ಬಿಗಿ. ಎಲ್ಲಿ ಬಿಗಿ ಅಂತ ನೋಡಿ ಅಲ್ಲಿಗೇ ಕರೆಂಟ್ ಕೊಡೋದು. ಮಾತ್ರೆ ತಗೊಂಡ್ರೆ ಸಡಿಲ ಆಗ್ಬಿಡುತ್ತೆ, ಅದಕ್ಕೇ ಬೇಡ ಅಂದಿದ್ದು. ಒಂದು ಚೂರು ಒಳಗಿದ್ರೂ ಗೆರೆ ಸುಳ್ಳು ಹೇಳುತ್ತೆ."

ಮೂಲೆಯ ಸ್ಟೂಲಿನಲ್ಲಿ ಕೂತ ಹೆಂಡತಿಯ ಕಡೆ ಅವನ ಕಣ್ಣು ಹೋಯಿತು. ಅವಳು ತನ್ನ ಕೈಚೀಲದ ಜಿಪ್ಪನ್ನು ನೋಡುತ್ತಿದ್ದಳು.

ಮಾತ್ರೆ ಏರುತ್ತಿರುವುದು ಮೊದಲು ಗೊತ್ತಾದದ್ದು ಕಾಲಿನ ಹೆಬ್ಬೆರಳಿಗೆ. ಚಪ್ಪಲಿಯೊಳಗೆ ಮುದುಡಿದ್ದದ್ದು ತಾನಾಗಿ ಬಿಚ್ಚಿಕೊಂಡಿತು. ಆಮೇಲೆ ಕತ್ತು, ಆಮೇಲೆ ಮಣಿಕಟ್ಟು. ಉಳಿದ ದಿನಗಳಲ್ಲಿ ಅವನು ಕಾಯುತ್ತಿದ್ದದ್ದು ಈ ಗಳಿಗೆಗೇ. ಬಿಗಿದು ಕಟ್ಟಿದ ಗಂಟನ್ನು ಯಾರೋ ಹಿಂದಿನಿಂದ ಬಿಚ್ಚಿದ ಹಾಗೆ. ಇಂದು ಅದು ಕಳ್ಳನ ಹಾಗೆ ಒಳಗೆ ಬಂತು. ಅರ್ಧ ಮಾತ್ರೆ ಅಲ್ಲವೇ, ಅರ್ಧವೇ ಕೆಲಸ ಮಾಡೀತು, ಯಾರಿಗೂ ತಿಳಿಯಲಿಕ್ಕಿಲ್ಲ ಎಂದುಕೊಂಡ. ಖಾಲಿ ಹೊಟ್ಟೆಗೆ ಅದು ಪೂರ್ತಿ ಹತ್ತಿತ್ತು. ಪರದೆಯ ಮೇಲೆ ಹಸಿರು ಚುಕ್ಕೆ ಬಂದಾಗ ಹೆಬ್ಬೆರಳು ತೋರುಬೆರಳು ಅಗಲಿಸಿ ಕೂಡಿಸಬೇಕು, ಚುಕ್ಕೆ ಹೋದಾಗ ನಿಲ್ಲಿಸಬೇಕು, ಎಂದಳು ಟೆಕ್ನಿಶಿಯನ್. ಅಗಲಿಸು, ಕೂಡಿಸು. ಕತ್ತರಿಯ ಎರಡು ಬಾಯಿ. ಮೊದಲ ಚುಕ್ಕೆಗೆ ಬೆರಳುಗಳು ಅವನನ್ನು ಕೇಳದೆಯೇ ಚಕಚಕನೆ ಹೊರಟವು. ಬೆಚ್ಚಿಬಿದ್ದು ಹಿಡಿದುಕೊಂಡ. ನಿಧಾನ, ನಿಧಾನ ಮಾಡು, ನೀನು ಕಾಯಿಲೆಯವನು.

ಹಾಗೆ ಅವನು ತನ್ನ ಕಾಯಿಲೆಯನ್ನು ತಾನೇ ನಟಿಸಲು ತೊಡಗಿದ. ಮುಚ್ಚಿಡುವ ನಟನೆಯಲ್ಲಿ ಅವನು ಪಳಗಿದವನು. ಕಾರ್ಖಾನೆಯಲ್ಲಿ ಕೈ ಮೊದಮೊದಲು ತಡವರಿಸಿದಾಗ ಬಟ್ಟೆಯ ಅಂಚನ್ನು ಬಿಗಿಯಾಗಿ ಒತ್ತಿ ಹಿಡಿದು, ಗೆರೆ ನೋಡುವವನ ಹಾಗೆ ಬಗ್ಗಿ, ಅಳೆದದ್ದನ್ನೇ ಅಳೆದು ವರ್ಷ ಕಳೆದಿದ್ದ. "ಮಾಸ್ತರು ವಯಸ್ಸಾದಂತೆ ಇನ್ನೂ ನಾಜೂಕಾಗ್ತಿದ್ದಾರೆ" ಎಂದು ಹೊಲಿಗೆಯ ಹೆಂಗಸರು ನಗುತ್ತಿದ್ದರು. ಒಂದು ದಿನ ಯಜಮಾನ ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟು, "ಮಾಸ್ತರೇ, ಒಂದೆರಡು ದಿನ ಬಟನ್ ಮೇಜು ನೋಡ್ಕೊಳ್ಳಿ" ಎಂದ. ಆ ಒಂದೆರಡು ದಿನ ಒಂದೂವರೆ ವರ್ಷವಾಯಿತು. ಬಟನ್ ಮೇಜಿನಲ್ಲಿ ಕೂತರೆ ಕತ್ತರಿಸುವ ಮೇಜು ನೇರ ಕಾಣುತ್ತಿತ್ತು. ಕುರ್ಚಿ ತಿರುಗಿಸಿಕೊಂಡು ಕೂರುತ್ತಿದ್ದ. ಆದರೆ ಈಗ ಬೇಕಾದದ್ದು ತದ್ವಿರುದ್ಧದ ಆಟ. ಬೆರಳನ್ನು ಅಗಲಿಸಿದ, ಒಂದು ಎರಡು ಎಣಿಸಿದ, ಕೂಡಿಸಿದ. ಮತ್ತೆ ಅಗಲಿಸಿದ. ಎರಡನೆಯ ಸಲವೂ ಅಷ್ಟೇ ಅಗಲ, ಹತ್ತನೆಯ ಸಲವೂ ಅಷ್ಟೇ ಅಗಲ, ಅಳತೆಪಟ್ಟಿ ಹಿಡಿದ ಹಾಗೆ. ನಿಜವಾದ ಕಾಯಿಲೆ ನಿಧಾನವಲ್ಲ. ಅದು ಒಂದೊಂದೇ ಸಲಕ್ಕೆ ಚಿಕ್ಕದಾಗುತ್ತ, ಚಿಕ್ಕದಾಗುತ್ತ, ಕೊನೆಗೆ ಬೆರಳ ತುದಿಯಲ್ಲಿ ಸತ್ತುಹೋಗುತ್ತದೆ. ಇಷ್ಟು ವರ್ಷ ಮೈಯೊಳಗೆ ಇಟ್ಟುಕೊಂಡ ಕಾಯಿಲೆಯನ್ನು ಅವನಿಗೇ ನಕಲು ಮಾಡಲು ಬರಲಿಲ್ಲ.

ಟೆಕ್ನಿಶಿಯನ್ ತಲೆಯ ಮೇಲಿನ ಕನ್ನಡಕವನ್ನು ಮೂಗಿಗಿಳಿಸಿದಳು. ಒಂದು ತಂತಿ ಕಿತ್ತು ಮತ್ತೆ ಸಿಕ್ಕಿಸಿದಳು. ಇನ್ನೊಂದು ಸಲ, ಎಂದಳು. ಮತ್ತೊಂದು ಸಲ. ಆಮೇಲೆ ಫೋನು ಮಾಡಿದಳು.

ಡಾಕ್ಟರು ಬಂದವರೇ ಪರದೆಯ ಮುಂದೆ ಬಗ್ಗಿದರು. "ಏನಿದು? ಕೈ ನಿಧಾನ ಇದೆ, ತಲೇಲಿ ಏನೂ ಬಿಗಿ ಇಲ್ಲ. ಜೆಲ್ ಒಣಗಿದೆಯೇನ್ರೀ? ಹೋದ ವಾರವೂ ಹೀಗೇ ಮಾಡಿದ್ರಿ."

"ಇಲ್ಲ ಸಾರ್, ಈಗಷ್ಟೇ ಹಾಕಿದ್ದು."

"ಮತ್ತೆ ಭೂತ ಬಂದು ಸಡಿಲ ಮಾಡ್ತಾ?"

ಅವಳ ಕಿವಿ ಕೆಂಪಾಯಿತು. ರೋಗಿಯ ಮುಂದೆ, ರೋಗಿಯ ಹೆಂಡತಿಯ ಮುಂದೆ. ಅವನಿಗೆ ತನ್ನ ಕಿವಿಯೂ ಬಿಸಿಯಾದದ್ದು ತಿಳಿಯಿತು. ಈಗ ಹೇಳಬೇಕು ಎಂದುಕೊಂಡ. ಡಾಕ್ಟರು ಎದೆಯ ಡಬ್ಬಿಯ ಮೇಲೆ ಒಂದು ಯಂತ್ರ ಹಿಡಿದು ಎರಡೂ ತಂತಿಯ ಜಾಗಗಳನ್ನೆಲ್ಲ ನೋಡಿದರು, ತುಟಿ ಕಚ್ಚಿದರು, ಟೆಕ್ನಿಶಿಯನ್ನಿಗೆ ತಗ್ಗಿದ ದನಿಯಲ್ಲಿ ಹೇಳಿದರು. ತಗ್ಗಿದ ದನಿಗೆ ಕಿವಿಗೊಡುವುದನ್ನು ಕಾಯಿಲೆಯವರಿಗೆ ಹೇಳಿಕೊಡಬೇಕೇ. "ತಂತಿ ಜಾರಿರಬೇಕು. ಸ್ಕ್ಯಾನ್ ಮಾಡಿಸೋಣ. ಜಾರಿದ್ರೆ ಮತ್ತೆ ತೆಗೆದು ಹಾಕಬೇಕಾಗುತ್ತೆ."

ಮತ್ತೆ. ಆ ದಿನ ಅವನಿಗೆ ಎಚ್ಚರವಿತ್ತು. ತಲೆಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದರು. ಕೊರೆಯುವ ಸದ್ದು ಕಿವಿಗೆ ಕೇಳುವ ಮೊದಲು ಹಲ್ಲಿಗೆ ಕೇಳಿಸಿತ್ತು. ನೋವಿಲ್ಲ, ನೋವಾಗುವುದಿಲ್ಲ ಎಂದು ಯಾರೋ ಹೇಳುತ್ತಲೇ ಇದ್ದರು, ಅದೂ ನಿಜವೇ. ಆದರೆ ಸುಟ್ಟ ವಾಸನೆಯೊಂದು ಬಂದಿತ್ತು, ಅದು ತನ್ನದೇ ಮೂಳೆಯದು ಎಂದು ಗೊತ್ತಾದ ಗಳಿಗೆಯಿಂದ ಅವನು ಮೂಗಿನಿಂದ ಉಸಿರಾಡುವುದನ್ನು ನಿಲ್ಲಿಸಿದ್ದ. ಮನೆಗೆ ಬಂದ ಮೇಲೂ ವಾರಗಟ್ಟಲೆ ಒಲೆಯ ಮೇಲೆ ಏನಾದರೂ ಸೀದರೆ ಎದ್ದು ಹೊರಗೆ ಹೋಗುತ್ತಿದ್ದ. ಅದು ಮತ್ತೆ. ಜಾರದ ತಂತಿಗಾಗಿ, ಅರ್ಧ ಮಾತ್ರೆಗಾಗಿ.

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. "ಅಮ್ಮಾ, ಮಾತ್ರೆ ಕೊಟ್ಟಿಲ್ಲ ತಾನೇ?"

ಅವಳು ಗಂಡನ ಪಾದ ನೋಡಿದಳು. ಅವನೂ ಆಗಲೇ ನೋಡಿದ್ದು: ಯಾವಾಗಲೋ ತಿಳಿಯದೆ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿಕೊಂಡು ಕೂತಿದ್ದ, ನೆಂಟರ ಎದುರು ಕೂರುವ ಹಾಗೆ.

"ಕೊಟ್ಟೆ ಡಾಕ್ಟ್ರೇ" ಎಂದಳು. "ಬೆಳಿಗ್ಗೆ ಆರಕ್ಕೆ. ಒಂದು. ನೋಡಲಾರದೆ ಕೊಟ್ಟೆ."

ಡಾಕ್ಟರು ಉಸಿರು ಬಿಟ್ಟು ಇನ್ನೊಂದು ಸ್ಟೂಲೆಳೆದು ಕೂತರು. "ಏನಮ್ಮಾ ನೀವು? ಪ್ರೀತಿಯಿಂದಲೇ ಕೊಲ್ತೀರಲ್ಲ. ನಾನು ಈಕೆಗೆ ಸುಮ್ಮನೆ ಬೈದೆ, ನಿಮ್ಮ ಯಜಮಾನರ ತಲೆ ಮತ್ತೆ ತೆರೆಯೋ ಮಾತಾಡಿದೆ. ಇವರೇನೋ ಪಾಪ ಕೊಟ್ಟಿದ್ದನ್ನ ನುಂಗ್ತಾರೆ. ನಿಮಗಾದ್ರೂ ಬುದ್ಧಿ ಬೇಡವಾ?" ಹೆಂಡತಿ ತಲೆ ತಗ್ಗಿಸಿ, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೈಸಿಕೊಂಡಳು. ಆಗ ಅವನಿಗೆ ದನಿಯಿತ್ತು. ಮಾತ್ರೆ ಏರಿದ ಹೊತ್ತು, ಕೋಣೆಯ ಆಚೆ ಬದಿಗೆ ಕೇಳುವಷ್ಟು ಒಳ್ಳೆಯ ದನಿ. ಇಲ್ಲ, ನಾನೇ, ಎಂದರೆ ಸಾಕಿತ್ತು. ನಾಲಿಗೆ ಹಲ್ಲಿನ ಹಿಂದೆ ಬೆಚ್ಚಗೆ ಮಲಗಿತ್ತು. ತಲೆ ತೆರೆಯುವುದಿಲ್ಲವಂತೆ, ಅಷ್ಟು ಸಾಕು ಎಂದು ಮೈಯೆಲ್ಲ ಹಗುರಾಗಿ, ಆ ಹಗುರಕ್ಕೆ ಅವನಿಗೇ ಹೇಸಿಗೆಯಾಯಿತು.

"ಎರಡು ಗಂಟೆಗೆ ನೋಡೋಣ" ಎಂದರು ಡಾಕ್ಟರು. "ಆರರಿಂದ ಎರಡಕ್ಕೆ ಎಂಟು ಗಂಟೆ. ಹೇಗೋ ಆಗುತ್ತೆ. ಆಗದಿದ್ರೆ ಅಡ್ಮಿಟ್ ಆಗಿ, ಮಾತ್ರೆ ಇಲ್ಲದೆ ಇದ್ದು, ನಾಳೆ ಬೆಳಿಗ್ಗೆ ಏಳಕ್ಕೆ."

ಮೊಗಸಾಲೆಯ ಬೆಂಚಿನಲ್ಲಿ ಕೂತರು. ಭಾವಮೈದ ಚಹಾ ತರಲು ಹೋದ.

"ಆರು ಗಂಟೆ ಅಂತ ಯಾಕೆ ಹೇಳ್ದೆ?" ಎಂದ ಅವನು.

"ಮತ್ತೇನ್ ಹೇಳ್ಲಿ? ನಮ್ಮೆಜಮಾನ್ರು ಕಕ್ಕಸಲ್ಲಿ ಕದ್ದು ನುಂಗಿದ್ರು ಅಂತಲಾ?"

"ನಿನಗೆ ಹೇಗೆ..."

"ಹೋದ ವಾರ ಪ್ಯಾಂಟು ಒಗೆಯೋಕೆ ಹಾಕುವಾಗ್ಲೇ ನೋಡಿದೆ. ಎಂಥಾ ಹೊಲಿಗೆ ರೀ ಅದು. ಬಿಚ್ಚಿ ಸರಿಯಾಗಿ ಹಾಕಿಕೊಡ್ಲಾ ಅಂತ ಒಂದು ಮನಸ್ಸು ಬಂತು." ಅವಳು ನಕ್ಕಳು, ನಗು ಅರ್ಧಕ್ಕೇ ಮುರಿಯಿತು. "ಬಿಚ್ಚಿ ಎಸೀಬೇಕಿತ್ತು. ಎಸೀಲಿಲ್ಲ. ಆ ದಿನ ಬಚ್ಚಲ ಬಾಗಿಲಲ್ಲಿ ನಿಮ್ಮ ಮುಖ ನೋಡಿದೋಳು ನಾನು. ಹಾಗಾಗಿ ನಾನೇ ಕೊಟ್ಟ ಹಾಗೆ."

"ಎಷ್ಟು ನುಂಗಿದೆ ಅಂತ ಕೇಳಿಲ್ಲ ನೀನು."

"ಕೇಳಲ್ಲ. ಎರಡಕ್ಕೆ ಮುಗಿಸ್ಕೊಂಡು ಸಂಜೆಗೆ ಮನೆ ಸೇರೋಣ."

ಅವನು ಲೆಕ್ಕ ಹಾಕಿದ. ಒಂಬತ್ತಕ್ಕೆ ಕಾಲು ಗಂಟೆ ಇದ್ದಾಗ ನುಂಗಿದ್ದು. ಎರಡಕ್ಕೆ ಐದೂಕಾಲು ಗಂಟೆಯಾಗುತ್ತದೆ, ಎಂಟಲ್ಲ. ಒಂದು ಚೂರು ಒಳಗಿದ್ದರೂ ಗೆರೆ ಸುಳ್ಳು ಹೇಳುತ್ತದೆ. ಆ ಸುಳ್ಳು ಗೆರೆ ನೋಡಿ ಡಾಕ್ಟರು ನಾಲ್ಕರಲ್ಲಿ ಯಾವುದೋ ಒಂದು ಜಾಗ ಆರಿಸುತ್ತಾರೆ, ಇಷ್ಟು ಕರೆಂಟ್ ಸಾಕು ಎನ್ನುತ್ತಾರೆ. ತಪ್ಪು ಗುರುತಿನ ಮೇಲೆ ಕತ್ತರಿ ಆಡಿಸಿದ ಹಾಗೆ, ನಲವತ್ತು ಪದರವೂ ಒಟ್ಟಿಗೆ ಹಾಳು. ಆದರೆ ಹೇಳಿದರೆ ರಾತ್ರಿ. ಸಾಲಾಗಿ ಹಾಕಿದ ಮಂಚಗಳು, ಮಗ್ಗುಲು ಬದಲಿಸಲೂ ಆಗದೆ ಬಿದ್ದುಕೊಂಡ ಮೈ, ಗಂಟೆ ಒತ್ತಲು ಏಳದ ಕೈ. ಮೂಗಿನ ಮೇಲೆ ಸೊಳ್ಳೆ ಕೂತರೂ ಅದಕ್ಕೆ ಬೇಕಾದಷ್ಟು ಹೊತ್ತು. ಕೂಗಿದರೆ ಕೇಳದ ದನಿ. ಮೈಯೊಳಗೆ ಜೀವಂತ ಇದ್ದು ಮೈ ಮಾತ್ರ ಸತ್ತುಹೋದವನ ಹಾಗೆ ಬೆಳಗಿನವರೆಗೆ. ಅವನು ಬೆಂಚಿನ ಅಂಚು ಹಿಡಿದುಕೊಂಡ. ಭಾವಮೈದ ತಂದ ಚಹಾದ ಲೋಟ ಹನ್ನೆರಡಕ್ಕೆ ಅವನ ಕೈಯಲ್ಲಿ ಸರಿಯಾಗಿಯೇ ಇತ್ತು. ಒಂದಕ್ಕೆ ಹೆಬ್ಬೆರಳು ಚಪ್ಪಲಿಯೊಳಗೆ ಮುದುಡಲು ಶುರುವಾಯಿತು. ಒಂದೂವರೆಗೆ ಮುಖ, ಗೋಡೆಗೆ ಹಚ್ಚಿದ ಗಾರೆ ಆರುವ ಹಾಗೆ, ಅಂಚಿನಿಂದ ಬಿಗಿಯುತ್ತ ಬಂತು. ನೋಡು, ಪೂರ್ತಿ ಇಳಿದಿದೆ, ಹೇಳುವುದೇನೂ ಬೇಕಿಲ್ಲ ಎಂದು ಒಂದು ಮನಸ್ಸು. ಇಳಿದಿದೆ ಎಂದು ನಿನಗೆ ಯಾರು ಹೇಳಿದರು, ನಿನ್ನ ಬೆರಳೇ? ಬೆಳಿಗ್ಗೆ ನಾಟಕ ಆಡಿದ ಬೆರಳೇ?

ಎರಡಕ್ಕೆ ಭಾವಮೈದ ಅವನನ್ನು ಬಹುಪಾಲು ಎತ್ತಿಯೇ ಒಳಗೆ ತಂದ. ಯಾರು ನೋಡಿದರೋ ಅವನು ನೋಡಲಿಲ್ಲ. ಟೆಕ್ನಿಶಿಯನ್ ಹೊಸ ಫಾರಂ ತೆಗೆದಿದ್ದಳು. ಬೆಳಗಿನ ಬೈಗುಳದ ಮೇಲೆ ಅವಳಿಗೆ ಎಲ್ಲವೂ ಕಾಗದದ ಮೇಲೆ ಬೇಕಿತ್ತು. "ಕೊನೆಯ ಮಾತ್ರೆ ಬೆಳಿಗ್ಗೆ ಆರು, ಒಂದು ಪೂರ್ತಿ, ಕೊಟ್ಟವರು ಹೆಂಡತಿ. ಸರೀನಾ?"

"ಸರಿ" ಎಂದಳು ಹೆಂಡತಿ.

"ಇಲ್ಲ" ಎಂದ ಅವನು. ಯಾರೂ ತಿರುಗಲಿಲ್ಲ. ಟೆಕ್ನಿಶಿಯನ್ ಬರೆಯುತ್ತಿದ್ದಳು. ಅವನು ಎದೆ ತುಂಬ ಉಸಿರೆಳೆದು ಇನ್ನೊಮ್ಮೆ ಹೇಳಿದ, ತುಟಿ ಅಲುಗಿದ್ದಷ್ಟೇ. ಬೆಳಿಗ್ಗೆ ಇದ್ದ ದನಿ ಎಲ್ಲಿ ಹೋಯಿತು ಎಂದು ಒಳಗೆ ಯಾರೋ ಹುಚ್ಚರಂತೆ ಹುಡುಕುತ್ತಿದ್ದರು. ಕೈ ಮೇಜಿನ ಮೇಲಿತ್ತು, ಅದನ್ನು ಎತ್ತಲಾಗಲಿಲ್ಲ, ತಳ್ಳಿದ. ಪೆನ್ನಿನ ಡಬ್ಬಿ ಉರುಳಿ ನೆಲಕ್ಕೆ ಬಿತ್ತು.

"ಏನು ಮಾಸ್ತರೇ?" ಅವಳು ಕಿವಿಯನ್ನು ಅವನ ಬಾಯಿಯ ಹತ್ತಿರ ತಂದಳು.

"ಅವಳು ಹೇಳಿದ್ದು... ಸುಳ್ಳು." ಉಸಿರು ಅಲ್ಲಿಗೆ ಮುಗಿಯಿತು. ನನಗಾಗಿ ಹೇಳಿದ ಸುಳ್ಳು ಎನ್ನಬೇಕಿತ್ತು. ಅದು ಒಳಗೇ ಉಳಿಯಿತು. ಹೆಂಡತಿಯ ಮುಖ ಅವನಿಗೆ ಕಾಣಿಸುತ್ತಿತ್ತು, ಕತ್ತು ತಿರುಗಿಸಿ ಬೇರೆ ಕಡೆ ನೋಡಲು ಆಗುತ್ತಿರಲಿಲ್ಲ. ಅವಳ ತುಟಿ ಸ್ವಲ್ಪ ತೆರೆದು ಹಾಗೇ ನಿಂತಿತು. "ರೀ, ಬೇಡ" ಎಂದಳು ಮೆಲ್ಲಗೆ.

ಇನ್ನೊಂದು ಉಸಿರು. "ನಾನೇ ನುಂಗಿದ್ದು." ಇನ್ನೊಂದು. "ಒಂಬತ್ತಕ್ಕೆ ಕಾಲು ಗಂಟೆ ಇತ್ತು. ಅರ್ಧ." ಇನ್ನೊಂದು, ಇದಕ್ಕೆ ಬಹಳ ಹೊತ್ತು ಹಿಡಿಯಿತು. "ಹೆದರಿಕೆ ಆಯ್ತಮ್ಮಾ."

ಟೆಕ್ನಿಶಿಯನ್ ನೆಟ್ಟಗಾದಳು. ಬೈಯುತ್ತಾಳೆ ಎಂದುಕೊಂಡ, ಬೈಯುವ ಹಕ್ಕು ಅವಳಿಗಿತ್ತು. ಅವಳು ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಕೆಳಗೆ ಬೇರೆ ಬರೆದು, ನಿಯಮವೆಂಬಂತೆ ಗಟ್ಟಿಯಾಗಿ ಓದಿದಳು. "ಎಂಟು ನಲವತ್ತೈದು. ಅರ್ಧ ಮಾತ್ರೆ. ರೋಗಿ ತಾನೇ ತೆಗೆದುಕೊಂಡಿದ್ದು." ಭಾವಮೈದ ಗೋಡೆಯ ಸ್ಪಂಜು ನೋಡಿದ. ಟೆಕ್ನಿಶಿಯನ್ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಇವತ್ತು ಬೇಡ ಮಾಸ್ತರೇ. ಮಾಡಿದ್ರೂ ಪ್ರಯೋಜನ ಇಲ್ಲ. ರಾತ್ರಿ ಇಲ್ಲೇ. ನಾಳೆ ಏಳಕ್ಕೆ ನಾನೇ ಬರ್ತೀನಿ."

"ನಾನು ಜೊತೆಗಿರಬಹುದಾ?" ಎಂದಳು ಹೆಂಡತಿ.

"ಆ ವಾರ್ಡಿನಲ್ಲಿ ಬಿಡಲ್ಲಮ್ಮ. ನರ್ಸ್ ಇರ್ತಾರೆ."

ಹೆಂಡತಿ ಜಿಪ್ಪು ತೆಗೆದು ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಇದು ನಿಮ್ಮ ಹತ್ರನೇ ಇರ್ಲಿ" ಎಂದಳು. ಗಂಡನ ಕಡೆ ನೋಡಲಿಲ್ಲ. ಸಿಟ್ಟೋ, ಅಳುವೋ, ಅವಳಿಗೆ ತನ್ನ ಮೇಲೇ ಅಪನಂಬಿಕೆಯೋ ಅವನಿಗೆ ತಿಳಿಯಲಿಲ್ಲ. ಕೇಳಿ ತಿಳಿದುಕೊಳ್ಳುವಷ್ಟು ಉಸಿರು ಇರಲಿಲ್ಲ.

ಟೆಕ್ನಿಶಿಯನ್ ಫಾರಮನ್ನು ಅವನ ಮುಂದಕ್ಕೆ ಸರಿಸಿ ಪೆನ್ನನ್ನು ಬೆರಳುಗಳ ನಡುವೆ ಸಿಕ್ಕಿಸಿದಳು. "ಇಲ್ಲೊಂದು ಸಹಿ." ಮೊದಲ ಅಕ್ಷರ ಅಕ್ಷರದಂತೆಯೇ ಬಂತು. ಎರಡನೆಯದು ಅದರ ಅರ್ಧದಷ್ಟಾಯಿತು. ಮೂರನೆಯದು ಸಾಸಿವೆಯಷ್ಟಾಗಿ, ಪೆನ್ನು ಕಾಗದಕ್ಕೆ ಚುಚ್ಚಿಕೊಂಡು ನಿಂತಿತು. ಶಾಯಿ ಅಲ್ಲೇ ಹರಡಿ ಚುಕ್ಕೆಯಾಗುತ್ತ ಹೋಯಿತು. ಹೆಂಡತಿಯ ಕೈ ಅವನ ಮಣಿಕಟ್ಟಿನವರೆಗೆ ಬಂದು, ಮುಟ್ಟದೆ, ಹಿಂದಕ್ಕೆ ಹೋಯಿತು. ಬಾಗಿಲಲ್ಲಿ ಗಾಲಿಕುರ್ಚಿ ತಂದವನು ನಿಂತು ಕಾಯುತ್ತಿದ್ದ. ಯಾರೂ ಸಾಕು ಎನ್ನಲಿಲ್ಲ. ಅವನು ಪೆನ್ನಿನ ತುದಿಯನ್ನೇ ನೋಡುತ್ತ, ಬಲಕ್ಕೆ ಒಂದೆಳೆಯಷ್ಟು ಜರುಗಿಸಿದ. ಇನ್ನೂ ಎರಡು ಅಕ್ಷರ ಉಳಿದಿದ್ದವು. ಆಮೇಲೆ ಹದಿನೇಳು ಗಂಟೆ.